ನೆಂಟರ ಮನೆಯ ಮಡಕೆಗಳು

ಹೊಸತೊಡಕಿನ ಊಟ ಮುಗಿದಿತ್ತು. ಅತ್ತಿಬೆಲೆಯ ಆ ಮನೆಯ ಹಾಲಿನಲ್ಲಿ ಗಂಡಸರು ಚಾಪೆ ಹಾಸಿಕೊಂಡು ಕಾಲು ಚಾಚಿದ್ದರು, ಮಕ್ಕಳು ಮೊಬೈಲಿಗಾಗಿ ಕಿತ್ತಾಡುತ್ತಿದ್ದರು. ತಳಿಯಿಂದ ಬಂದಿದ್ದ ದೊಡ್ಡಮ್ಮ ಷೋಕೇಸಿನ ಹತ್ತಿರ ಹೋಗಿ ನೀಲಿ ಬಣ್ಣದ ಒಂದು ಪುಟ್ಟ ಮಡಕೆಯನ್ನು ಎತ್ತಿಕೊಂಡರು. ಬಣ್ಣದ ಕಡೆಗೆ ಅವರ ಗಮನವಿರಲಿಲ್ಲ, ಒಂದು ಮಗ್ಗುಲಿಗೆ ವಾಲಿದ ಬಾಯಿಯನ್ನೂ ನೋಡಲಿಲ್ಲ. ಎಡ ಅಂಗೈ ಮೇಲೆ ಕೂರಿಸಿಕೊಂಡು, ಬಲಗೈ ಬೆರಳ ಗೆಣ್ಣಿನಿಂದ ಒಂದೇಟು ತಟ್ಟಿ, ಕಿವಿ ಕೊಟ್ಟು ಕೇಳಿದರು.

“ಚೆನ್ನಾಗಿ ಬೆಂದೈತೆ ಕಣೆ” ಎಂದರು.

ಆ ಮಡಕೆ ಮಾಡಿದ್ದು ಮನೆಯೊಡತಿಯೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಅವರದು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ದಿನದ ಕಸುಬು. ತಮ್ಮ ಮಡಕೆಗಳಲ್ಲಿ ಮಾತ್ರ ಯಾರೂ ತಪ್ಪು ಹುಡುಕಿರಲಿಲ್ಲ, ಹಾಗಾಗಿ ಮೆಚ್ಚುಗೆಯನ್ನೂ ನಂಬುವಂತಿರಲಿಲ್ಲ. ಬಂದವರೆಲ್ಲ “ಅಯ್ಯೋ, ನೀವೇ ಮಾಡಿದ್ದಾ?” ಎಂದು ಮೊಬೈಲಿನಲ್ಲಿ ಫೋಟೊ ಹಿಡಿದು ಹೋದವರೇ. ತಟ್ಟಿ ನೋಡಿದವರು ದೊಡ್ಡಮ್ಮನೇ ಮೊದಲು.

ಸಂತೆಯಲ್ಲಿ ಮಡಕೆ ಕೊಂಡ ತಲೆಮಾರಿಗೆ ಅದು ಕಲಿತು ಬಂದ ವಿದ್ಯೆಯೇನಲ್ಲ, ಕೈಗೆ ಹತ್ತಿದ ಅಭ್ಯಾಸ. ಕಣ್ಣಿಗೆ ಕಾಣದ ಸೀಳೊಂದು ಇದ್ದರೆ ಸದ್ದು ಮುಂದಕ್ಕೆ ಹರಿಯದೆ ಅಲ್ಲೇ ಸಾಯುತ್ತದೆ. ಅರೆಬೆಂದದ್ದು ದಬ್ ಎನ್ನುತ್ತದೆ. ಸರಿಯಾಗಿ ಬೆಂದದ್ದು ಠಣ್ ಎಂದು ಒಂದು ಕ್ಷಣ ನಿಲ್ಲುತ್ತದೆ. ಕಾಸು ಕೊಡುವ ಮೊದಲು ಇಷ್ಟು ಕೇಳಿಸಿಕೊಂಡರೆ ಸಾಕು.

ಕುಂಬಾರರು ಮಡಕೆ ಹಸಿಯಿರುವಾಗಲೇ ತಟ್ಟುತ್ತಾರೆ, ಆದರೆ ಬೇರೆ ಕಾರಣಕ್ಕೆ. ತಿಗರಿಯಿಂದ ಇಳಿದ ಮಡಕೆ ಬಹುಪಾಲು ಅರ್ಧ ಮಡಕೆ. ಬಾಯಿ, ಕತ್ತು ಆಗಿರುತ್ತವೆ, ತಳ ಮಾತ್ರ ದಪ್ಪಗಿರುತ್ತದೆ, ಎಷ್ಟೋ ಕಡೆ ಇನ್ನೂ ಮುಚ್ಚಿಯೇ ಇರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗಡೆ ಒಂದು ಉರುಟು ಕಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾ ಸುತ್ತಿಸುತ್ತಾರೆ. ಏಟು ಬಿದ್ದ ಹಾಗೆ ಮಣ್ಣು ತೆಳ್ಳಗಾಗಿ ಹರಡುತ್ತದೆ, ಬಿಗಿಯಾಗುತ್ತದೆ, ಹೊಟ್ಟೆ ದುಂಡಗಾಗುತ್ತದೆ. ಒಳಗಿನ ಕೈಗೆ ಹೊರಗಿನ ಕೈ ಕಾಣುವುದಿಲ್ಲ, ಆದರೂ ಎರಡೂ ಒಂದೇ ಜಾಗದಲ್ಲಿ ಸೇರಬೇಕು. ಲೆಕ್ಕ ತಪ್ಪಿದರೆ ಮಡಕೆಗೆ ಕಿಟಕಿ ಬಂತೆಂದೇ ತಿಳಿಯಿರಿ.

ಈ ಬಡಿತಕ್ಕೆ ಒಂದು ತಾಳವಿದೆ. ಈಗಿನ ಬೀದರ್ ಜಿಲ್ಲೆಯ ಭಾಲ್ಕಿ, ಅಂದಿನ ಭಲ್ಲುಕೆ. ಅಲ್ಲಿದ್ದ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಸೋತು ಶಿವನೇ ಬಂದು ಕುಣಿದ ಎನ್ನುತ್ತದೆ ಹರಿಹರ ಕವಿಯ ‘ಕುಂಬಾರ ಗುಂಡಯ್ಯನ ರಗಳೆ’. ಗುಂಡಯ್ಯ ದೇವರನ್ನು ಮೆಚ್ಚಿಸಲು ಡೋಲು ಹಿಡಿದವನಲ್ಲ. ತನ್ನ ಕಸುಬಿನ ಮಡಕೆ ತಟ್ಟುತ್ತಿದ್ದವನು. ಕತೆಯಲ್ಲಿ ತುಂಬ ಇಷ್ಟವಾಗುವ ಸಂಗತಿ ಇದೇ.

ದೊಡ್ಡಮ್ಮನ ತೀರ್ಪಿಗೆ ಎರಡನೆಯ ಭಾಗವೂ ಇತ್ತು. ಮಡಕೆಯ ಹೊಳಪಿನ ಮೇಲೆ ಹೆಬ್ಬೆರಳು ಉಜ್ಜಿ, “ಆದ್ರೆ ಇದ್ರಾಗೆ ನೀರು ತಣ್ಣಗಾಗಲ್ಲ” ಎಂದರು.

ಎರಡೂ ಮಾತು ನಿಜ. ನಿಜವಾಗಿರುವುದಕ್ಕೆ ಕಾರಣವೂ ಒಂದೇ. ಊರ ಕುಂಬಾರರ ಆವಿಗೆಯ ಬಿಸಿ ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್ ಮುಟ್ಟುವುದಿಲ್ಲ. ಅಲ್ಲಿ ಬೆಂದ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿದಿರುತ್ತವೆ. ನೀರು ಅವುಗಳಿಂದ ಜಿನುಗಿ ಆವಿಯಾಗುವಾಗ ಮಡಕೆಯ ಬಿಸಿಯನ್ನೂ ಕೊಂಡೊಯ್ಯುತ್ತದೆ. ಬೇಸಿಗೆಯಲ್ಲಿ ಮಡಕೆ ಬೆವರಿದಷ್ಟೂ ನೀರು ತಂಪು. ನಗರದ ಸ್ಟುಡಿಯೋಗಳ ‘ಸ್ಟೋನ್‌ವೇರ್’ ಜೇಡಿ 1200 ಡಿಗ್ರಿ ದಾಟಿ ಬೇಯುತ್ತದೆ, ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ. ಮೇಲಿನ ಗ್ಲೇಜು ಕರಗಿ ಗಾಜಾಗಿರುತ್ತದೆ. ಕಂಚಿನಂತೆ ಸದ್ದು ಮಾಡುವಷ್ಟು ಬೆಂದ ಮಡಕೆ ಬೆವರುವುದನ್ನು ಮರೆತಿರುತ್ತದೆ. ಹೊಸೂರು ರಸ್ತೆಯ ಬದಿಯಲ್ಲಿ ನಲ್ಲಿ ಕೂರಿಸಿ ಮಾರುವ ಕೆಂಪು ಮಡಕೆ ಮಾಡುವ ಕೆಲಸವನ್ನು ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಈ ನೀಲಿ ಮಡಕೆ ಮಾಡಲಾರದು.

ಈ ಮಣ್ಣಿನ ಹುಚ್ಚು ಮನೆಯೊಡತಿಗೆ ಹತ್ತಿದ್ದು ಶನಿವಾರದ ತರಗತಿಯೊಂದರಲ್ಲಿ. ಬೆಂಗಳೂರಿನ ಇಂಥ ತರಗತಿಗಳಲ್ಲಿ ಪುದುಚೇರಿಯ ಹೆಸರು ಆಗಾಗ ಬರುತ್ತದೆ. 1971ರಲ್ಲಿ ಅಮೆರಿಕದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅಲ್ಲಿ ಶುರುಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ದೇಶದ ನಾನಾ ಕಡೆ ಚಕ್ರ ಹೂಡಿದ್ದಾರೆ. ತರಗತಿಯಲ್ಲಿ ಇದ್ದದ್ದು ಕರೆಂಟಿನ ಚಕ್ರ, ಚೀಲದಲ್ಲಿ ಬರುವ ಹದಮಾಡಿದ ಜೇಡಿ, ಸೊಂಟಕ್ಕೆ ಏಪ್ರನ್. ಕೆರೆಯಂಗಳದ ಮಣ್ಣು ತಂದು, ಕೊಳೆಹಾಕಿ, ಕಲ್ಲು ಆರಿಸಿ, ತುಳಿಯುವ ಕಷ್ಟ ಹವ್ಯಾಸಿಗಳಿಗಿಲ್ಲ. ತುಳಿಯುವ ಮಾತು ಬಂದದ್ದು ಮನೆಯಲ್ಲಿ. ರಾಜ್‌ಕುಮಾರ್ ಗೋರಾ ಕುಂಬಾರನಾಗಿ ನಟಿಸಿದ 1974ರ ‘ಭಕ್ತ ಕುಂಬಾರ’ವನ್ನು ನೋಡಿದ್ದ ಅತ್ತೆ, ಸೊಸೆ ತರಗತಿಗೆ ಹೊರಟಾಗಲೆಲ್ಲ “ಹೋಗಮ್ಮ ಹೋಗು, ಮಗೂನ ಮಾತ್ರ ನನ್ ಹತ್ರ ಬಿಟ್ಟೋಗು” ಎನ್ನುತ್ತಿದ್ದರು. ಮಣ್ಣು ತುಳಿಯುತ್ತ ಮೈಮರೆತ ಗೋರಾ ತನ್ನ ಕೂಸನ್ನೇ ತುಳಿದ ದೃಶ್ಯ ನೆನಪಿದ್ದವರಿಗೆ ಈ ತಮಾಷೆಯ ಮೊನಚು ತಿಳಿಯುತ್ತದೆ.

ತರಗತಿಯವರೊಮ್ಮೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋಗಿದ್ದರು. ಅಲ್ಲಿ ಒಬ್ಬರು ಚಕ್ರದ ಮೇಲಿನ ಒಂದೇ ದೊಡ್ಡ ಮುದ್ದೆಯ ತುದಿಯಿಂದ ಹಣತೆ ಎಳೆದು, ದಾರದಲ್ಲಿ ಕತ್ತರಿಸಿ, ಪಕ್ಕದ ಹಲಗೆ ಮೇಲಿಟ್ಟು, ಮತ್ತೊಂದಕ್ಕೆ ಬೆರಳು ಹಾಕುತ್ತಿದ್ದರು. ಕಣ್ಣು ಬೀದಿಯ ಕಡೆ, ಮಾತು ಪಕ್ಕದವರ ಜೊತೆ. ಒಂದು ಬಟ್ಟಲಿಗೆ ಇಡೀ ಬೆಳಗು ತೆಗೆದುಕೊಳ್ಳುವವರು ಅದನ್ನು ನೋಡಿ ಮರುವಾರ ಮತ್ತೆ ಚಕ್ರದ ಮುಂದೆ ಕೂತಿದ್ದೇ ದೊಡ್ಡದು.

ಹೊಸಕೋಟೆಯ ತವರಿಗೆ ಮನೆಯೊಡತಿ ಕೊಟ್ಟ ಮೊದಲ ಕಾಣಿಕೆ ಅಪ್ಪನ ಕಾಫಿ ಲೋಟ. ಹಸಿಮಣ್ಣಿನಲ್ಲಿ ಅಳತೆ ಸರಿಯಾಗಿಯೇ ಇತ್ತು. ಆದರೆ ಸ್ಟೋನ್‌ವೇರ್ ಜೇಡಿ ಒಣಗಿ ಬೇಯುವಷ್ಟರಲ್ಲಿ ಉದ್ದಗಲಗಳಲ್ಲಿ ಸುಮಾರು ಶೇಕಡ 12ರಷ್ಟು ಕುಗ್ಗಬಲ್ಲದು. ಕೇಳಲು ಸಣ್ಣ ಸಂಖ್ಯೆ, ಆದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗಿದರೆ 300 ಮಿಲಿಲೀಟರ್ ಹಿಡಿಯಬೇಕಾದ ಲೋಟ 200ರ ಹತ್ತಿರ ಬಂದು ನಿಲ್ಲುತ್ತದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಡಾಕ್ಟ್ರು ಹೆಂಗೂ ಕಾಫಿ ಕಮ್ಮಿ ಮಾಡಿ ಅಂದಿದ್ರು” ಎಂದರಂತೆ.

ತರಗತಿ ನಿಂತುಹೋಗಿ ಬಹಳ ಕಾಲವಾಯಿತು. ಮಗನ ಎಸ್ಸೆಸ್ಸೆಲ್ಸಿ, ಆಫೀಸಿನ ಹೊಸ ಪ್ರಾಜೆಕ್ಟು, ಬೊಮ್ಮಸಂದ್ರದ ಟ್ರಾಫಿಕ್ಕು, ಹೀಗೆ ಎಲ್ಲರಿಗೂ ಇರುವ ಕಾರಣಗಳೇ. ಮಾಡಿದ ಮಡಕೆಗಳೂ ಮನೆಯಲ್ಲಿ ಹೆಚ್ಚು ಉಳಿದಿಲ್ಲ. ಹವ್ಯಾಸಿ ಕುಂಬಾರರಿಗೆ ಸಂತೆಯಿಲ್ಲ, ನೆಂಟರಿದ್ದಾರೆ. ಗೃಹಪ್ರವೇಶ, ನಾಮಕರಣ, ಬೀಗರೂಟ ಎಂದು ಒಂದೊಂದೇ ಮಡಕೆ ಹಳೆಯ ಪೇಪರು ಸುತ್ತಿಕೊಂಡು ಹೊರಟುಹೋಗಿದೆ. ಹಾಗಾಗಿ ಮಾಡಿದ ಕೆಲಸವನ್ನು ಈಗ ತಿರುಗಿ ನೋಡಬೇಕೆಂದರೆ ನೆಂಟರ ಮನೆಗಳನ್ನೇ ಸುತ್ತಬೇಕು.

ಸುತ್ತುವುದು ಈಗ ಸಲೀಸು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಸಿಲ್ಕ್ ಬೋರ್ಡಿನ ನೆಪ ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಅತ್ತಿಬೆಲೆಯಿಂದ ಬಸ್ಸಿನಲ್ಲಿ ಬೊಮ್ಮಸಂದ್ರ, ಅಲ್ಲಿಂದ ಮೆಟ್ರೊ, ಮಧ್ಯಾಹ್ನದ ಊಟಕ್ಕೆ ಜಯನಗರದ ಚಿಕ್ಕಮ್ಮನ ಮನೆ. ಅಲ್ಲಿ ಟಿ.ವಿ. ಪಕ್ಕದಲ್ಲಿ ಹೂದಾನಿ ಫಳಫಳ ಹೊಳೆಯುತ್ತಿತ್ತು. “ನೀವು ಬರ್ತೀರಂತ ಅಮ್ಮ ಬೆಳಿಗ್ಗೆ ಅಟ್ಟದಿಂದ ಇಳಿಸಿ ತೊಳೆದ್ರು” ಎಂದು ಮೊಮ್ಮಗಳು ಗುಟ್ಟು ರಟ್ಟು ಮಾಡಿದಳು. ಹೊಸೂರಿನ ಮಾವನ ಮನೆಯಲ್ಲಿ ಉಪ್ಪಿನಕಾಯಿಗೆಂದು ಕೊಟ್ಟ ಜಾಡಿಯ ತುಂಬ ರಿಮೋಟು, ಹಳೆಯ ಬೀಗದ ಕೈ, ಯಾವುದಕ್ಕೂ ಹೊಂದದ ಒಂದು ಚಾರ್ಜರು. ಅಟ್ಟ ಸೇರಿದ್ದಕ್ಕಿಂತ ಇದು ಒಳ್ಳೆಯ ಬಾಳು. ದಿನಕ್ಕೆ ಹತ್ತು ಸಲ ಯಾರದೋ ಕೈ ಅದರೊಳಗೆ ಹೋಗಿ ಬರುತ್ತದೆ.

ಆನೇಕಲ್‌ನ ಅಕ್ಕನ ಮನೆಗೆ ಹೋದದ್ದು ಸ್ವಲ್ಪ ಅಳುಕಿನಿಂದಲೇ. ಅಲ್ಲಿಗೆ ಹೋದದ್ದು ಆರಂಭದ ದಿನಗಳ ದೊಡ್ಡ ಬೋಗುಣಿ. ಹೊಸಬರು ಗೋಡೆ ಎಳೆಯುವಾಗ ಮಣ್ಣೆಲ್ಲ ಬುಡದಲ್ಲೇ ಉಳಿಯುತ್ತದೆ, ಅದನ್ನು ತಟ್ಟಿ ತೆಳ್ಳಗೆ ಮಾಡುವ ವಿದ್ಯೆ ಶನಿವಾರದ ತರಗತಿಯಲ್ಲಿರಲಿಲ್ಲ. ಬೋಗುಣಿ ಈಗ ಮೆಟ್ಟಿಲ ಪಕ್ಕದಲ್ಲಿದೆ, ಅದರಲ್ಲಿ ದೊಡ್ಡಪತ್ರೆ ಸೊಂಪಾಗಿ ಹಬ್ಬಿದೆ. ನೀರು ನಿಂತು ಬೇರು ಕೊಳೆಯುತ್ತಿತ್ತೆಂದು ಭಾವ ತಳಕ್ಕೆ ತೂತು ಕೊರೆದಿದ್ದಾರೆ. ಅತ್ತಿಬೆಲೆ ಇಂಡಸ್ಟ್ರಿಯಲ್ ಏರಿಯಾದ ಟೂಲ್‌ರೂಮಿನಲ್ಲಿ ಕೈ ಪಳಗಿದವರು ಅವರು. ನೀರು ಬಿಟ್ಟುಕೊಂಡು ನಿಧಾನಕ್ಕೆ ಕೊರೆದ ಆ ತೂತು ಕಂಪಾಸಿನಲ್ಲಿ ಎಳೆದಷ್ಟು ದುಂಡಗಿದೆ, ಅಂಚಿನಲ್ಲಿ ಒಂದು ಚಕ್ಕೆಯೂ ಎದ್ದಿಲ್ಲ. ಬಂದವರಿಗೆಲ್ಲ ಅವರು ಬೋಗುಣಿಯನ್ನು ವಾಲಿಸಿ ತೋರಿಸುವುದು ಅದನ್ನೇ. ನಾದಿನಿಗೂ ತೋರಿಸಿದರು. “ತಳ ಎಷ್ಟು ದಪ್ಪ ಮಾಡಿದ್ದೀಯಮ್ಮ ನೀನು, ಎರಡು ಬಿಟ್ ಹೋಯ್ತು.”