ಹುಲಿಕಲ್ಲಿನ ಆಲದ ಸಾಲು



ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಆಲದ ಮರಗಳು. ನೆಟ್ಟವರು ಸಾಲುಮರದ ತಿಮ್ಮಕ್ಕ, ಅವರ ಗಂಡ ಚಿಕ್ಕಯ್ಯ. ಶಾಲೆಯ ಮುಖ ಕಾಣದವರು, ಕೂಲಿ ಮಾಡಿದರಷ್ಟೇ ಒಲೆ ಉರಿಯುವ ಮನೆ. ಅದರ ಮೇಲೆ ಮಕ್ಕಳಿಲ್ಲವೆಂಬ ಕೊರಗು.

ಇಂಥ ಕೊರತೆಯನ್ನು ನಾವಾದರೆ ದೇವರ ಮುಂದೆ, ನೆಂಟರ ಮುಂದೆ ಹೇಳಿಕೊಳ್ಳುತ್ತಲೇ ಆಯುಸ್ಸು ಕಳೆಯುತ್ತೇವೆ. ಈ ದಂಪತಿ ರಸ್ತೆಬದಿಯಲ್ಲಿ ಗುಂಡಿ ತೋಡಿದರು. ಮುಂಗಾರಿಗೆ ಸರಿಯಾಗಿ ಆಲದ ಸಸಿ ನೆಟ್ಟು, ದನ ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟಿದರು. ಮಳೆ ಕೈಕೊಟ್ಟಾಗ ಕಿಲೋಮೀಟರುಗಟ್ಟಲೆ ಕೊಡದಲ್ಲಿ ನೀರು ಹೊತ್ತರು. ಆಲ ನೆರಳಾಗುವುದು ಎಷ್ಟೋ ವರ್ಷದ ಮೇಲೆ. ಹೊಗಳುವವರು ಆಗ ಯಾರೂ ಇರಲಿಲ್ಲ. ಮರಗಳೇ ಅವರ ಮಕ್ಕಳು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗನ್ನಿಸುವುದು, ತಮ್ಮ ನೋವು ಯಾವುದು, ತಮ್ಮ ಕೈಲಾಗುವುದು ಯಾವುದು ಎಂಬ ಎರಡೂ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಹೊತ್ತಿನ ಕೆಲಸದಲ್ಲೇ ಅವರ ಸುಖವೂ ಇತ್ತು.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ದೊಡ್ಡ ಪ್ರಶಸ್ತಿಗಳು ಬಂದದ್ದು ಆಮೇಲೆ. 2019ರಲ್ಲಿ ಪದ್ಮಶ್ರೀ ಪಡೆಯುವಾಗ ತಿಮ್ಮಕ್ಕ ರಾಷ್ಟ್ರಪತಿ ರಾಮನಾಥ ಕೋವಿಂದರ ಹಣೆ ಮುಟ್ಟಿ ಹರಸಿದರು. ಶಿಷ್ಟಾಚಾರದ ಪುಸ್ತಕದಲ್ಲಿ ಅದಿಲ್ಲ, ಹಳ್ಳಿಯ ಅಜ್ಜಿಗೆ ಅದರ ಗೊಡವೆಯೂ ಇರಲಿಲ್ಲ!

ಒಳಗೆ ನೆಮ್ಮದಿಯಿದ್ದವರು ಹೊರಗಿನದಕ್ಕೆಲ್ಲ ತಲೆಯಾಡಿಸುತ್ತಾರೆ ಎಂದುಕೊಳ್ಳಬೇಡಿ. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ತಮ್ಮ ಮರಗಳು ಉರುಳುತ್ತವೆಂದು ತಿಳಿದಾಗ, ನೂರು ದಾಟಿದ ಆ ತಾಯಿ ನೇರವಾಗಿ ಸರ್ಕಾರವನ್ನೇ ಕೇಳಿದರು: ಮರ ಉಳಿಸಿಕೊಡಿ ಎಂದು. ಬೇರೆ ದಾರಿ ನೋಡಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಯಿತು.