ಯಾರೂ ನೋಡದ ಹೊತ್ತಿನ ಲೆಕ್ಕ



ಬೆಂಗಳೂರಿನಲ್ಲಿ ‘ಸಿಲ್ಕ್ ಬೋರ್ಡ್’ ಜಂಕ್ಷನ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವಾಹನಗಳ ಸಾಲು. ನಾನಿರುವ ಬಿಳೇಕಹಳ್ಳಿಯಿಂದ ಅದು ಹೆಚ್ಚು ದೂರವಿಲ್ಲ. ಆ ಜಂಕ್ಷನ್ನಿಗೆ ಹೆಸರು ಕೊಟ್ಟದ್ದು ಅಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿ, 1948ರ ಕಾಯ್ದೆಯ ಮೇರೆಗೆ ಹುಟ್ಟಿದ ಸಂಸ್ಥೆ. ಇವತ್ತಿನ ಮಾತನ್ನು ಆ ಹೆಸರಿನಿಂದಲೇ ಶುರು ಮಾಡುತ್ತೇನೆ. ಶಾಖ ಮತ್ತು ತೇವ, ಈ ಎರಡರ ಬೆಲೆ ರೇಷ್ಮೆ ಹುಳು ಸಾಕುವವರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಬೇರೆಯವರಿಗೆ ಗೊತ್ತಿರುವುದು ಕಡಿಮೆ. ಆ ಎರಡನ್ನೂ ಹಗಲೂ ರಾತ್ರಿ ಅಳೆದು ಬರೆದಿಡುವ ಒಂದು ಪುಟ್ಟ ಉಪಕರಣವಿದೆ. ಅದರ ಹೆಸರು ಡೇಟಾ ಲಾಗರ್. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಚಿಕ್ಕದು.

ರೇಷ್ಮೆ ಹುಳುವಿಗೆ ನಮ್ಮ ಹಾಗೆ ತನ್ನದೇ ಆದ ಮೈಶಾಖವಿಲ್ಲ. ಸುತ್ತಲ ಗಾಳಿ ಹೇಗೋ ಅದರ ಮೈ ಹಾಗೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ‘ಜ್ವರ’ ದಾಟಬೇಕು. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು, ಹಳೆಯ ಚರ್ಮ ಕಳಚುವ ಹೊತ್ತನ್ನು ರೈತರು ಜ್ವರ ಅನ್ನುತ್ತಾರೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27ರಿಂದ 28 ಡಿಗ್ರಿ ಶಾಖ, ಶೇಕಡ 85ರ ಆಸುಪಾಸು ತೇವಾಂಶ ಬೇಕು. ಬೆಳೆದ ಹುಳುವಿಗೆ 24, 25 ಡಿಗ್ರಿ ಸಾಕು, ತೇವಾಂಶ 70ಕ್ಕೆ ಇಳಿಯಬೇಕು. ಜ್ವರದ ಹೊತ್ತಿಗೆ ಹಾಸಿಗೆ ಒಣಗಿರಬೇಕೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆ ಏರಿದ ಮೇಲೆ ಗಾಳಿ ಇನ್ನೂ ಒಣಗಿರಬೇಕು, ಇಲ್ಲದಿದ್ದರೆ ಗೂಡಿನ ನೂಲು ಚೆನ್ನಾಗಿ ಬಿಚ್ಚುವುದಿಲ್ಲ. ಒಂದೇ ಕೋಣೆ, ಒಂದೇ ಬೆಳೆ. ನಾಲ್ಕು ವಾರದೊಳಗೆ ಅಲ್ಲಿಯ ಹವೆ ಇಷ್ಟು ಸಲ ಬದಲಾಗಬೇಕು.

ಕನಕಪುರದ ಕಡೆ ನನ್ನ ದೊಡ್ಡಪ್ಪನ ಹುಳುಮನೆಯಿದೆ. ಗೋಡೆಗೆ ಎರಡು ಗಾಜಿನ ಕಡ್ಡಿಯ ತಾಪಮಾಪಕ ತೂಗುಹಾಕಿದ್ದಾರೆ. ಒಂದು ಕಡ್ಡಿಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಎರಡರ ಅಂತರ ನೋಡಿ ತೇವಾಂಶ ಹೇಳುವುದು ಹಳೆಯ ಕ್ರಮ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಅವರು ತಪ್ಪದೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆದರೂ ಒಂದು ಬೆಳೆಗೆ ಸುಣ್ಣಕಟ್ಟು ರೋಗ ಬಂತು. ಹುಳುಗಳು ಸೆಟೆದುಕೊಂಡು, ಮೈಮೇಲೆ ಬಿಳಿ ಬೂಷ್ಟು ಬಂದು, ಸೀಮೆಸುಣ್ಣದ ತುಂಡುಗಳ ಹಾಗೆ ತಟ್ಟೆಯಲ್ಲಿ ಬಿದ್ದಿದ್ದವು. ತೇವ ಹೆಚ್ಚಾಗಿ ಶಾಖ ಇಳಿದಾಗ ಬಲಿಯುವ ಶಿಲೀಂಧ್ರದ ರೋಗ ಅದು. ನೋಟ್‌ಬುಕ್ ತಿರುವಿದರೆ ಎಲ್ಲ ಅಂಕಿಯೂ ಸರಿಯಾಗಿಯೇ ಇತ್ತು.

ಮುಂದಿನ ಬೆಳೆಗೆ ನಾನೊಂದು ಲಾಗರ್ ಕೊಟ್ಟುಬಂದೆ. ಹುಳುವಿನ ತಟ್ಟೆಗಳಿರುವ ಅಟ್ಟಣೆಗೇ ಹುರಿಯಿಂದ ಕಟ್ಟಿದೆವು, ಹತ್ತು ನಿಮಿಷಕ್ಕೊಮ್ಮೆ ಅಳೆಯುವ ಹಾಗೆ. ವಾರ ಕಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಾಗ ಹಗಲಿನ ಗೆರೆ ಚೆನ್ನಾಗಿಯೇ ಇತ್ತು. ನಡುರಾತ್ರಿ ಕಳೆದ ಮೇಲೆ ಶಾಖದ ಗೆರೆ ಇಳಿಯುತ್ತಾ ಹೋಗಿ, ತೇವದ ಗೆರೆ ಗುಡ್ಡದ ಹಾಗೆ ಎದ್ದು, ಬೆಳಗಿನ ಜಾವ ಮೂರರಿಂದ ಆರರವರೆಗೆ ಶೇಕಡ 90ರ ಮೇಲೆಯೇ ನಿಂತಿತ್ತು. ಆರೂವರೆಗೆ ಯಾರೋ ಬಾಗಿಲು ತೆಗೆದು ಒಲೆ ಹೊತ್ತಿಸಿದ ಕೂಡಲೇ ಎರಡೂ ಗೆರೆ ಸರಿಯಾಗಿದ್ದವು. ದೊಡ್ಡಪ್ಪ ಏಳಕ್ಕೆ ನೋಡುತ್ತಿದ್ದದ್ದು ಆ ಸರಿಯಾದ ಅಂಕಿಯನ್ನು. ಮಧ್ಯಾಹ್ನದ ಒಣಹವೆಗೆಂದು ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಾಟನ್ನು ರಾತ್ರಿ ಬಿಚ್ಚುತ್ತಿರಲಿಲ್ಲ.

“ನಾನು ಮಲಗಿದ್ದಾಗ ಇಷ್ಟೆಲ್ಲ ಆಗ್ತಿತ್ತಾ ಮಗಾ?” ಅಂದರು ದೊಡ್ಡಪ್ಪ. ಅಂದಿನಿಂದ ಸಂಜೆಯ ಸೊಪ್ಪು ಹಾಕುವ ಮೊದಲು ಗೋಣಿತಾಟು ಕೆಳಗಿಳಿಯುತ್ತದೆ. ರೋಗ ತಡೆಯಲು ಹುಳುಮನೆ ತೊಳೆಯಬೇಕು, ಸೋಂಕು ನಿವಾರಕ ಸಿಂಪಡಿಸಬೇಕು, ಸುಣ್ಣ ಹಾಕಬೇಕು. ಅದನ್ನೆಲ್ಲ ಅವರು ಮೊದಲೂ ಮಾಡುತ್ತಿದ್ದರು. ಗೊತ್ತಿಲ್ಲದೆ ಇದ್ದದ್ದು ರಾತ್ರಿಯ ಸಂಗತಿ ಒಂದೇ.

ರಾತ್ರಿಯಲ್ಲಿ ಹೀಗೇಕೆ ಆಗುತ್ತದೆ? ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಮಧ್ಯಾಹ್ನ ಗಾಳಿಯಲ್ಲಿ 15 ಗ್ರಾಂ ಇತ್ತು ಅನ್ನಿ. ಆಗ ಅರ್ಧ ತುಂಬಿದ ಹಾಗೆ, ತೇವಾಂಶ ಶೇಕಡ 50. ಅದೇ ಗಾಳಿ, ಅದೇ 15 ಗ್ರಾಂ, ರಾತ್ರಿ 20 ಡಿಗ್ರಿಗೆ ಬಂದರೆ ತೇವಾಂಶ 90ರ ಹತ್ತಿರ. ಹೊರಗಿನಿಂದ ಒಂದು ಹನಿ ನೀರೂ ಬರಬೇಕಾಗಿಲ್ಲ. ಹವಾಮಾನ ವರದಿಯಲ್ಲಿ ಕೇಳುವ ‘ಸಾಪೇಕ್ಷ ಆರ್ದ್ರತೆ’ ಅಂದರೆ ಇದು. ಅದಕ್ಕೇ ಶಾಖವನ್ನು ಬಿಟ್ಟು ತೇವವನ್ನಷ್ಟೇ ಅಳೆದರೆ ಅರ್ಧ ಮಾತು ಕೇಳಿದ ಹಾಗೆ. ಎರಡನ್ನೂ ಒಟ್ಟಿಗೆ, ಗಂಟೆಯ ಸಮೇತ ಬರೆದಿಡಬೇಕು.

ಹೀಗೆ ಬರೆದಿಡುವ ಆಸೆ ಹೊಸದಲ್ಲ. ಜಿನೀವಾದ ವಿಜ್ಞಾನಿ ಸಾಸ್ಯೂರ್ ಮನುಷ್ಯನ ತಲೆಕೂದಲು ತೇವಕ್ಕೆ ತುಸು ಉದ್ದವಾಗುವುದನ್ನು ಕಂಡು, ಕೂದಲಿನ ಆರ್ದ್ರಮಾಪಕ ಮಾಡಿ, 1783ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ. ಮುಂದೆ ಆ ಕೂದಲಿಗೆ ಒಂದು ಲೇಖನಿ ಜೋಡಿಸಿ, ಗಡಿಯಾರದಂತೆ ತಿರುಗುವ ಉರುಳೆಗೆ ಕಾಗದ ಸುತ್ತಿದರು. ಹವಾಮಾನ ಕೇಂದ್ರಗಳಲ್ಲಿ ಅಂಥ ಉರುಳೆಗಳು ಎಷ್ಟೋ ಕಾಲ ಶಾಯಿಯ ಗೆರೆ ಎಳೆಯುತ್ತಾ ಬಂದಿವೆ.

ಇವತ್ತಿನ ಲಾಗರಿನಲ್ಲಿ ಕೂದಲಿನ ಜಾಗಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಬಂದಿದೆ. ಅದು ಗಾಳಿಯ ತೇವ ಹೀರಿದಂತೆ ಅದರಲ್ಲಿ ವಿದ್ಯುತ್ ಶೇಖರವಾಗುವ ಪ್ರಮಾಣ ಬದಲಾಗುತ್ತದೆ. ಶಾಖಕ್ಕೆ ಥರ್ಮಿಸ್ಟರ್ ಎಂಬ ಚೂರು. ಬಿಸಿಯಾದಂತೆ ಅದರೊಳಗೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಇವೆರಡರ ಜೊತೆಗೆ ಒಂದು ಗಡಿಯಾರ, ಒಂದು ಮೆಮೊರಿ, ಒಂದು ಸಣ್ಣ ಬ್ಯಾಟರಿ. ಹಳ್ಳಿಯ ಶಾನುಭೋಗರು ತಾರೀಖು ಹಾಕಿ ಲೆಕ್ಕ ಬರೆಯುತ್ತಿದ್ದ ಹಾಗೆ ಇದೂ ಹೊತ್ತು ನಮೂದಿಸಿ ಅಂಕಿ ಬರೆಯುತ್ತದೆ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಅಂಕಿ. 16,000 ಅಂಕಿ ಹಿಡಿಯುವ ಲಾಗರ್ ಆದರೆ ಮೂರೂವರೆ ತಿಂಗಳಿಗಿಂತ ಹೆಚ್ಚು ಕಾಲ ನಮ್ಮನ್ನು ಏನೂ ಕೇಳದೆ ಕೆಲಸ ಮಾಡುತ್ತದೆ.

ಇದರ ಬೆಲೆ ತಿಳಿಯುವ ಇನ್ನೊಂದು ಜಾಗ ಲಸಿಕೆಯ ಫ್ರಿಜ್. ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಬಿಸಿಯಾದರೆ ಕೆಡುತ್ತವೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಲವು ಲಸಿಕೆ ಕೆಡುತ್ತವೆ ಎನ್ನುವುದು ಅಷ್ಟು ಗೊತ್ತಿಲ್ಲ. ಹೆಪಟೈಟಿಸ್ ಬಿ ಅಂಥದ್ದೊಂದು ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಮೂವತ್ತು ದಿನಗಳ ಲಾಗರ್, 8 ಡಿಗ್ರಿಗಿಂತ ಮೇಲೆ ಸತತ ಹತ್ತು ಗಂಟೆ ಹೋದರೆ ಎಚ್ಚರಿಕೆ ಕೊಡುತ್ತದೆ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೆ ಒಂದೇ ಗಂಟೆ ಸಾಕು. ಬಿಸಿ ನಿಧಾನವಾಗಿ ಕೆಡಿಸುತ್ತದೆ, ಹೆಪ್ಪು ಬೇಗ ಕೆಡಿಸುತ್ತದೆ ಎಂಬ ತಿಳಿವಳಿಕೆ ಆ ಎರಡು ಗಡುವುಗಳಲ್ಲಿದೆ. ನಮ್ಮ ದೇಶದಲ್ಲಿ 2015ರಲ್ಲಿ ಶುರುವಾದ ಇವಿನ್ ಎಂಬ ಜಾಲ ಲಸಿಕೆಯ ಫ್ರಿಜ್‌ಗಳ ಶಾಖವನ್ನು ದೂರದಿಂದಲೇ ಗಮನಿಸುವ ವ್ಯವಸ್ಥೆ ಮಾಡಿದೆ. ರಾತ್ರಿ ಕರೆಂಟು ಹೋಗಿ ಬಂದದ್ದು ಬೆಳಿಗ್ಗೆ ಬಾಗಿಲು ತೆರೆದ ನರ್ಸಮ್ಮನಿಗೆ ಕಾಣಿಸದು. ದಾಖಲೆಯಲ್ಲಿ ಕಾಣಿಸುತ್ತದೆ.

ಇನ್ನು ನಮ್ಮ ಮನೆಗಳಿಗೆ ಬರೋಣ. ಆಷಾಢದ ಹೊತ್ತಿಗೆ ಹೊರಗೋಡೆಗೆ ತಾಗಿಸಿಟ್ಟ ಬೀರುವಿನಲ್ಲಿ ಮೈಸೂರು ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಬರುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಕೋಣೆಯ ನಡುವೆ 25 ಡಿಗ್ರಿ, ತೇವಾಂಶ 75 ಇದ್ದರೆ ನಮಗೇನೂ ಅನ್ನಿಸುವುದಿಲ್ಲ. ಆದರೆ ಅದೇ ಗಾಳಿ ಬೀರುವಿನ ಹಿಂದೆ 20 ಡಿಗ್ರಿಗೆ ತಣಿದ ಗೋಡೆಗೆ ತಾಗಿದರೆ, ಅಲ್ಲಿ ನೀರು ಒಸರಲು ಶುರು. ಲಾಗರನ್ನು ಒಂದು ವಾರ ಕೋಣೆಯ ನಡುವೆ, ಇನ್ನೊಂದು ವಾರ ಬೀರುವಿನ ಹಿಂದೆ ಇಟ್ಟು ನೋಡಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಬೇಕೋ ಬೇಡವೋ ಎಂದು ಅದೇ ಹೇಳುತ್ತದೆ. ಕಟ್ಟಡದ ಗುಣವೂ ಗೆರೆಯಲ್ಲಿ ತಿಳಿಯುತ್ತದೆ. ಬಿಳೇಕಹಳ್ಳಿಯಲ್ಲೇ ಬಿ.ವಿ. ದೋಶಿ ವಿನ್ಯಾಸ ಮಾಡಿದ ಐಐಎಂ ಆವರಣದ ಕಲ್ಲಿನ ಗೋಡೆಗಳಿವೆ. ಅಂಥ ದಪ್ಪ ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ತಗಡಿನ ಸೂರಿನ ಕೆಳಗಾದರೆ ಮಧ್ಯಾಹ್ನಕ್ಕೆ ಗೆರೆ ನೆಗೆದು ಸಂಜೆಗೆ ಬೀಳುತ್ತದೆ. ವೀಣೆ ನುಡಿಸುವವರಿಗೂ ಒಂದು ಮಾತು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನೊಳಗೆ ಆ ಮೇಣದ ಗತಿ ಏನಾಗುತ್ತದೆ ಎಂಬುದನ್ನು ಲಾಗರ್ ಒಂದೇ ದಿನದಲ್ಲಿ ತೋರಿಸಿಕೊಡುತ್ತದೆ.

ಬಳಸುವ ಕ್ರಮ ಹೇಳುತ್ತೇನೆ. ಮೊದಲು ಉಪಕರಣವನ್ನೇ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ಗಟ್ಟಿಯಾಗಿರುವಂತೆ ಕೆಲವೇ ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಲಾಗರನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ದಿನ ಬಿಡಿ. ಒಳಗಿನ ತೇವಾಂಶ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಅದು ಉಪ್ಪಿನ ಗುಣ, ಬದಲಾಗದು. ಲಾಗರ್ 79 ತೋರಿಸಿದರೆ ಅದು ನಾಲ್ಕು ಹೆಚ್ಚು ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಎರಡನೆಯದು, ಇಡುವ ಜಾಗ. ಬಿಸಿಲು ಬೀಳಬಾರದು, ಒಲೆಯ ಮೇಲ್ಗಡೆ ಬೇಡ, ಬಾಗಿಲ ಬಳಿ ಬೇಡ. ನೀವು ಕಾಪಾಡಬೇಕಾದ ವಸ್ತು ಯಾವ ಎತ್ತರದಲ್ಲಿದೆಯೋ ಆ ಎತ್ತರದಲ್ಲಿ, ಅದರ ಪಕ್ಕದಲ್ಲೇ ಇರಬೇಕು. ಹುಳು ಅಟ್ಟಣೆಯಲ್ಲಿದ್ದು ಲಾಗರ್ ಗೋಡೆಯ ಮೇಲಿದ್ದರೆ ನಮಗೆ ಸಿಗುವುದು ಗೋಡೆಯ ಲೆಕ್ಕ.

ಮೂರನೆಯದು, ಸರಾಸರಿಯನ್ನು ನಂಬಬೇಡಿ. ಹಗಲು 30, ರಾತ್ರಿ 20 ಇದ್ದರೂ ಸರಾಸರಿ 25 ಎಂದೇ ಬರುತ್ತದೆ. ಹುಳುವಿಗೆ ಹಿತವಾದ 25ರಲ್ಲಿ ಗೆರೆ ಹೆಚ್ಚು ಹೊತ್ತು ನಿಂತಿರುವುದೇ ಇಲ್ಲ. ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಎಷ್ಟು ಹೊತ್ತು ಹಾಗೆ ನಿಂತಿತ್ತು ಎಂದು ನೋಡಿ.

ಕೊನೆಯದಾಗಿ, ದೊಡ್ಡಪ್ಪನ ನೋಟ್‌ಬುಕ್ಕನ್ನು ಬಿಡಬೇಡಿ. ಏನಾಯಿತು ಎಂದು ಉಪಕರಣ ಹೇಳುತ್ತದೆ. ಏಕಾಯಿತು ಎಂಬುದಕ್ಕೆ ನಿಮ್ಮ ಕೈಬರಹವೇ ಬೇಕು. ಕಿಟಕಿ ಯಾವಾಗ ತೆರೆದಿರಿ, ಗೋಣಿತಾಟು ಯಾವಾಗ ಕಟ್ಟಿದಿರಿ, ಕರೆಂಟು ಯಾವಾಗ ಹೋಯಿತು ಎಂದು ಒಂದು ಸಾಲು ಬರೆದಿಡಿ.

ರಾಮನಗರದ ಮಾರುಕಟ್ಟೆಗೆ ಗೂಡು ಒಯ್ಯುವ ರೈತರಲ್ಲಿ ನನ್ನದೊಂದು ಕೋರಿಕೆ. ಊರಿನ ನಾಲ್ಕು ಮನೆಯವರು ಸೇರಿ ಒಂದು ಲಾಗರ್ ಕೊಂಡುಕೊಳ್ಳಿ. ಸರದಿಯಂತೆ ಒಬ್ಬೊಬ್ಬರ ಹುಳುಮನೆಯಲ್ಲಿ ಒಂದೊಂದು ಬೆಳೆಗೆ ಇಡಿ. ಬಂದ ಗೆರೆಗಳನ್ನು ಜಗಲಿಯ ಮೇಲೆ ಕೂತು ಒಟ್ಟಿಗೆ ನೋಡಿ. ಬೆಳಗಿನ ಜಾವ ಮೂರು ಗಂಟೆಗೆ ನಿಮ್ಮ ಹುಳುಮನೆಯಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿರಲಿ.