ಕೈಗೆ ಬಂದ ವಿದ್ಯೆ ಯಾರದು?



ಒಬ್ಬ ತರುಣನಿಗೆ ದೊಡ್ಡ ಸಂಸ್ಥೆಯೊಂದರಲ್ಲಿ ಉದ್ಯೋಗ ದೊರೆಯಿತೆಂದು ಭಾವಿಸೋಣ. ಮನೆಯಲ್ಲೆಲ್ಲ ಸಂತೋಷ. ನೇಮಕದ ಕಾಗದದೊಡನೆ ಹತ್ತಾರು ಪುಟಗಳ ಕರಾರುಪತ್ರವೂ ಬಂದಿದೆ. ತರುಣನು ಸಂಬಳದ ಅಂಕಿಯನ್ನು ಎರಡು ಸಲ ಓದುತ್ತಾನೆ. ಉಳಿದುದನ್ನು ಒಂದು ಸಲವೂ ಓದದೆ ರುಜು ಹಾಕುತ್ತಾನೆ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಹಣ ತೆರಬೇಕು. ಬಿಟ್ಟ ಮೇಲೆ ಎರಡು ವರ್ಷ ಇದೇ ಬಗೆಯ ವ್ಯಾಪಾರ ಮಾಡುವವರಲ್ಲಿ ಸೇರಕೂಡದು. ಇಲ್ಲಿ ತಿಳಿದ ಗುಟ್ಟನ್ನು ಹೊರಗೆ ಹೇಳಕೂಡದು: ಹೀಗೆ ಮೂರು ಷರತ್ತುಗಳು ಆ ಪುಟಗಳಲ್ಲಿ ಅಡಗಿರುವುದುಂಟು. ಮೇಲುನೋಟಕ್ಕೆ ಇವು ಮೂರೂ ಒಂದೇ ಜಾತಿಯವು. ಕಾನೂನಿನ ಕಣ್ಣಿಗೆ ಹಾಗಲ್ಲ. ಆ ಭೇದವನ್ನು ಈಚಿನ ತೀರ್ಪೊಂದರ ಸಹಾಯದಿಂದ ವಿಚಾರಮಾಡುವುದು ಇಂದಿನ ನನ್ನ ಉದ್ದೇಶ.

ನಡುವಣ ಷರತ್ತನ್ನು ಮೊದಲು ತೆಗೆದುಕೊಳ್ಳೋಣ. 1872ರ ಭಾರತೀಯ ಕರಾರು ಶಾಸನದ 27ನೆಯ ಕಲಮು ಬಹು ಚಿಕ್ಕದು. ನ್ಯಾಯಸಮ್ಮತವಾದ ಯಾವ ವೃತ್ತಿಯನ್ನಾಗಲಿ ವ್ಯಾಪಾರವನ್ನಾಗಲಿ ನಡೆಸದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಆ ಮಟ್ಟಿಗೆ ನಿರರ್ಥಕವೆಂಬುದೇ ಅದರ ತಾತ್ಪರ್ಯ. ತನ್ನ ಅಂಗಡಿಯನ್ನು ಅದರ ಹೆಸರುವಾಸಿಯೊಡನೆ ಮಾರಿದವನು ಕೊಂಡವನಿಗೆ ಎದುರಾಗಿ ಅಂಗಡಿ ಹೂಡುವುದಿಲ್ಲವೆಂದು ತಕ್ಕ ಮೇರೆಯೊಳಗೆ ಒಪ್ಪಬಹುದು. ಕಲಮಿನಲ್ಲಿ ಹೇಳಿರುವ ವಿನಾಯಿತಿ ಇದು.

ಶಾಸನ ಬಂದ ಎರಡೇ ವರ್ಷಕ್ಕೆ, 1874ರಲ್ಲಿ, ಕಲ್ಕತ್ತೆಯ ಉಚ್ಚ ನ್ಯಾಯಾಲಯದಲ್ಲಿ ಇದರ ಪರೀಕ್ಷೆಯಾಯಿತು. ಒಂದೇ ಮೊಹಲ್ಲೆಯ ಕಂಚುಗಾರರೊಳಗೆ ಪೈಪೋಟಿ. ಒಂದು ಪಕ್ಷದವರು ಇನ್ನೊಬ್ಬನಿಗೆ, ‘ನೀನು ಇಲ್ಲಿಯ ಅಂಗಡಿಯನ್ನು ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡವನ್ನು ನಾವು ತುಂಬಿಕೊಡುತ್ತೇವೆ’ ಎಂದರು. ಅವನು ಮುಚ್ಚಿದನು, ಅವರು ಕೊಡಲಿಲ್ಲ. ಅವನು ದಾವೆ ಹೂಡಿದನು. ಕರಾರೇ ನಿರರ್ಥಕವಾದಕಾರಣ ಹಣ ಬರುವಂತಿಲ್ಲವೆಂದು ತೀರ್ಪಾಯಿತು. ಆ ಬಡಪಾಯಿಗೆ ಅಂಗಡಿಯೂ ಹೋಯಿತು, ಹಣವೂ ಹೋಯಿತು. ಆದರೆ ಅವನ ನಷ್ಟದಿಂದ ದೇಶಕ್ಕೊಂದು ನಿಯಮ ಸ್ಪಷ್ಟವಾಯಿತು. ತಡೆಯು ಮಿತವಾದುದೇ ಅಲ್ಲವೇ ಎಂದು ಇಂಗ್ಲೆಂಡಿನ ನ್ಯಾಯಾಧೀಶರು ತೂಗಿ ನೋಡುವಂತೆ ನಮ್ಮಲ್ಲಿ ತೂಗುವುದಕ್ಕೆ ಎಡೆಯಿಲ್ಲ. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನರ ಮೊಕದ್ದಮೆಯಲ್ಲಿಯೂ, ಕರಾರಿನ ಅವಧಿ ಮುಗಿದ ಮೇಲೆ ಅವರನ್ನು ಕಟ್ಟಿಹಾಕುವ ಷರತ್ತು ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಆದರೆ ಅವಧಿಯೊಳಗಿನ ಕಟ್ಟು ಬೇರೆ. ಐದು ವರ್ಷ ದುಡಿಯುವೆನೆಂದು ಒಪ್ಪಿ, ಟೈರಿನ ಹುರಿ ತಯಾರಿಸುವ ವಿದ್ಯೆಯನ್ನು ಕಲಿತು, ನಡುವೆಯೇ ಪ್ರತಿಸ್ಪರ್ಧಿಯಲ್ಲಿ ಸೇರಿದ ನೌಕರನೊಬ್ಬನನ್ನು ಉಳಿದ ಅವಧಿಯ ಮಟ್ಟಿಗೆ ತಡೆದುದು ಸರಿಯೆಂದು ಅದೇ ನ್ಯಾಯಾಲಯವು 1967ರಲ್ಲಿ ತೀರ್ಮಾನಿಸಿತ್ತು.

ಈಗ ಹಣದ ಷರತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಅಲ್ಲಿಯ ಹುದ್ದೆಯೊಂದಕ್ಕೆ 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬೇರೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆಯಿತ್ತರು. ಕರಾರಿನಂತೆ 2 ಲಕ್ಷ ರೂಪಾಯಿಗಳನ್ನು ಆಕ್ಷೇಪಣೆಯೊಡನೆ ತೆತ್ತು, ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಬ್ಯಾಂಕು ಮೇಲ್ಮನವಿ ಮಾಡಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿತು.

ಅದರ ಕಾರಣಗಳನ್ನು ಗಮನವಿಟ್ಟು ಕೇಳಬೇಕು. ಈ ಷರತ್ತು ರಾಜೀನಾಮೆಯ ಬಾಗಿಲನ್ನು ಮುಚ್ಚಲಿಲ್ಲ, ಅದಕ್ಕೊಂದು ಬೆಲೆಯಿಟ್ಟಿತು. ಆದಕಾರಣ 27ನೆಯ ಕಲಮು ಅಡ್ಡಬಾರದು. ಸರ್ಕಾರಿ ವಲಯದ ಬ್ಯಾಂಕು ಖಾಸಗಿಯವರಂತೆ ತನಗೆ ಬೇಕಾದವರನ್ನು ಕರೆದು ಕೂರಿಸಿಕೊಳ್ಳಲಾರದು. ಬಹಿರಂಗ ಪ್ರಕಟಣೆ, ಪೈಪೋಟಿಯ ಆಯ್ಕೆ ಮೊದಲಾದ ವೆಚ್ಚದ ಕ್ರಮಗಳನ್ನು ಮತ್ತೆ ನಡೆಸಬೇಕು. ಅಂಥ ಹುದ್ದೆಯ ಸಂಬಳವಿದ್ದವರಿಗೆ ಈ ಮೊತ್ತ ರಾಜೀನಾಮೆಯನ್ನೇ ಅಸಾಧ್ಯಮಾಡುವಷ್ಟು ದೊಡ್ಡದಲ್ಲ.

ಈ ತೀರ್ಪನ್ನು ಹಿಡಿದು, ಎಲ್ಲ ಯಜಮಾನರೂ ಎಷ್ಟು ಬೇಕಾದರೂ ದಂಡ ಬರೆಯಬಹುದೆಂದು ತಿಳಿದರೆ ತಪ್ಪಾದೀತು. ಅದೇ ಶಾಸನದ 74ನೆಯ ಕಲಮಿನಂತೆ, ಕರಾರಿನಲ್ಲಿ ಕಾಣಿಸಿದ ಮೊತ್ತವು ಮೇಲಿನ ಎಲ್ಲೆ. ಅದರೊಳಗೆ ನ್ಯಾಯವೆನಿಸುವಷ್ಟು ಮಾತ್ರ ಪರಿಹಾರ. ತರಬೇತಿಯನ್ನೇ ಕೊಡದೆ, ಅಲ್ಪ ಸಂಬಳದ ಹುಡುಗನ ಮೇಲೆ ಲಕ್ಷಗಳ ಹೊರೆ ಹೊರಿಸುವ ಯಜಮಾನನಿಗೆ ಈ ತೀರ್ಪಿನ ಕಾರಣಗಳು ಸುಲಭವಾಗಿ ಒದಗಲಾರವು.

ಕಡೆಯದು ಗುಟ್ಟಿನ ಮಾತು. ಪೇಟೆಂಟು ಪಡೆದವನು ತನ್ನ ಕ್ರಮವನ್ನು ಲೋಕಕ್ಕೆ ತಿಳಿಸಿ 20 ವರ್ಷದ ಹಕ್ಕನ್ನು ಪಡೆಯುತ್ತಾನೆ. ಗುಟ್ಟನ್ನು ಕಾಯುವವನು ಯಾರಿಗೂ ತಿಳಿಸುವುದಿಲ್ಲ. ಅವನ ರಕ್ಷೆ ಕರಾರು ಮತ್ತು ನಂಬಿಕೆ. 2024ರ ಮಾರ್ಚಿಯಲ್ಲಿ ಕಾನೂನು ಆಯೋಗವು ತನ್ನ 289ನೆಯ ವರದಿಯಲ್ಲಿ ವ್ಯಾಪಾರದ ಗುಟ್ಟುಗಳಿಗೆ ಪ್ರತ್ಯೇಕ ಶಾಸನ ಬೇಕೆಂದು ಸಲಹೆಯಿತ್ತು, ಕರಡನ್ನೂ ಜೊತೆಗಿಟ್ಟಿತು. ನೌಕರನು ಕೆಲಸದ ವಾಡಿಕೆಯಲ್ಲಿ ಗಳಿಸಿದ ಅನುಭವವೂ ಕೌಶಲವೂ ಗುಟ್ಟೆನಿಸವೆಂದು ಆ ಕರಡು ಹೇಳುತ್ತದೆ. ಈ ಗೆರೆ ಬಹು ಮುಖ್ಯವಾದುದು. ಗಿರಾಕಿಗಳ ಪಟ್ಟಿ, ಬೆರಕೆಯ ಸೂತ್ರ, ಬರೆದಿಟ್ಟ ಲೆಕ್ಕ ಯಜಮಾನನವು. ಅವನ್ನು ಕೊಂಡೊಯ್ಯುವುದು ನಂಬಿಕೆಗೆ ದ್ರೋಹ. ಕೈಯ ಚಳಕ, ಕಣ್ಣಿನ ಅಂದಾಜು, ಹತ್ತು ವರ್ಷದ ದುಡಿಮೆಯಿಂದ ಪಕ್ವವಾದ ಬುದ್ಧಿ ನೌಕರನವು. ಅವನ್ನು ಬಾಗಿಲಲ್ಲಿ ಬಿಚ್ಚಿಟ್ಟು ಹೋಗೆನ್ನಲು ಯಾರಿಗೂ ಅಧಿಕಾರವಿಲ್ಲ.

ಆದುದರಿಂದ, ರುಜು ಹಾಕುವ ಮೊದಲು ನಮ್ಮ ತರುಣನು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈ ಕಟ್ಟು ಎಲ್ಲಿಯವರೆಗೆ? ಬಿಟ್ಟರೆ ತೆರಬೇಕಾದುದೆಷ್ಟು, ಏತಕ್ಕೆ? ಗುಟ್ಟೆಂದು ಹೇಳಿರುವುದು ಯಾವುದು? ಯಜಮಾನನೂ ಕರಾರು ಬರೆಸುವಾಗ ಇವೇ ಮೂರಕ್ಕೆ ಉತ್ತರವನ್ನು ಬಿಚ್ಚಿ ಬರೆಯಲಿ. ಸ್ಪಷ್ಟವಾಗಿ ಬರೆದ ಒಂದು ಸಾಲು ಎಷ್ಟೋ ವೇಳೆ ಹದಿನೈದು ವರ್ಷದ ವ್ಯಾಜ್ಯವನ್ನು ಉಳಿಸೀತು.